ಗರಾಜಿನ ಕುದುರೆ ಸೈನ್ಯ

ಡಾಲಸ್ ಕಡೆಯ ಕನ್ನಡ ಸಂಘದವರು ಈ ವರ್ಷದ ಸ್ಮರಣ ಸಂಚಿಕೆಗೆ ನನ್ನ ತಮ್ಮ ಪುಟ್ಟಣ್ಣನ ಬಗ್ಗೆ ಬರೆದುಕೊಡಿ ಅಂತ ನನಗೇ ಫೋನ್ ಮಾಡಿದರು. “ಸ್ವಂತ ಅಣ್ಣ ಬರೆದ್ರೆ ಅದರ ಗತ್ತೇ ಬೇರೆ ಸಾರ್” ಅಂತ ಮೇಲೊಂದು ಒಗ್ಗರಣೆ. ಟೆಕ್ಸಸ್‌ಗೆ ಅವನಿಗಿಂತ ಹತ್ತು ವರ್ಷ ಮೊದಲು ಬಂದವನು ನಾನು. ಈ ಉದಯಶಂಕರನ ಬಗ್ಗೆ ನಾಲ್ಕು ಸಾಲು ಬರೆದುಕೊಡಪ್ಪ ಅಂತ ಅವನಿಗೆ ಯಾರಾದರೂ ಫೋನ್ ಮಾಡಿದ್ರಾ? ಇಲ್ಲ. ಇರಲಿ, ಬರೀತೀನಿ. ಆದರೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನನಗೆ ನನ್ನ ತಮ್ಮನನ್ನ ಕಂಡರೆ ಹೊಟ್ಟೆಕಿಚ್ಚು. ಚಿಕ್ಕಂದಿನಿಂದ ಇದೆ, ಈಗ ಅರವತ್ತು ದಾಟಿದ ಮೇಲೆ ಇನ್ನೂ ಜಾಸ್ತಿಯಾಗಿದೆ. ಸಂಪಾದಕರು ಈ ಸಾಲನ್ನ ತೆಗೆದರೆ ಪೂರ್ತಿ ಲೇಖನವನ್ನೇ ವಾಪಸ್ ತಗೋತೀನಿ.

ಪುಟ್ಟಣ್ಣ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಜನರಿಗೆ ಕಾರು ಓಡಿಸೋದು ಕಲಿಸ್ತಾನೆ. ಅದೇ ಅವನ ಕಸುಬು. ಹೆಂಡತಿ ಅಲಮೇಲುಗೆ ಇಲ್ಲಿ ಕೆಲಸ ಸಿಕ್ಕಾಗ ಅವಳ ಹಿಂದೆ ಬಂದ. ಎರಡು ವರ್ಷ ಮನೇಲಿ ಕೂತು ಬೇಜಾರಾಗಿ, ಅಪಾರ್ಟ್‌ಮೆಂಟಿನ ಹೆಂಗಸರಿಗೆ ಪಾರ್ಕಿಂಗ್ ಲಾಟಿನಲ್ಲಿ ಸ್ಟೀರಿಂಗ್ ತಿರುಗಿಸೋದು ಹೇಳಿಕೊಟ್ಟ. ಆಮೇಲೆ ಲೈಸೆನ್ಸ್ ತಗೊಂಡು, ಕಾರಿನ ಮೇಲೆ ಹಳದಿ ಬೋರ್ಡ್ ಹಾಕಿಕೊಂಡು ಅದನ್ನೇ ಹಿಡಿದ. ಅಲ್ಲಿನ ದೊಡ್ಡ ಕೆರೆ ಸುತ್ತಮುತ್ತ ಇರೋ ಕನ್ನಡದ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಹೈವೇ ಹತ್ತಿದ್ದು ಇವನನ್ನ ಪಕ್ಕದಲ್ಲಿ ಕೂರಿಸಿಕೊಂಡೇ. “ಕುದುರೆಗೆ ನಿಮ್ಮ ಭಯ ಗೊತ್ತಾಗುತ್ತೆ ಅಮ್ಮ, ಕಾರಿಗೆ ಗೊತ್ತಾಗಲ್ಲ. ಅದಕ್ಕೇ ಕಾರು ಸುಲಭ. ಹೊಡೀರಿ” ಅಂತಾನಂತೆ. ಆ ಮಾತನ್ನ ನನಗೇ ಎಷ್ಟು ಜನ ಹೇಳಿದಾರೋ! ಹೇಳುವಾಗ ಎಲ್ಲರ ಮುಖವೂ ಅರಳಿರುತ್ತೆ.

ಇನ್ನು ನಾನು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿ ಹಾರ್ಡ್‌ವೇರ್ ಇಂಜಿನಿಯರ್ ಆಗಿದ್ದು ಹೋದ ವರ್ಷ ರಿಟೈರ್ ಆದೆ. ಅವನದಕ್ಕಿಂತ ದೊಡ್ಡ ಮನೆ. ಹಬ್ಬಕ್ಕೆ ಬನ್ನಿ ಅಂತ ಮೂರು ಮೂರು ಸಲ ಮೆಸೇಜ್ ಮಾಡಿದರೂ ನಮ್ಮ ಜನ “ಟ್ರೈ ಮಾಡ್ತೀವಿ ಅಂಕಲ್” ಅಂತಾರೆ. ಅವನ ಮನೆಗೆ ಕರೆಯೋದೇ ಬೇಡ, ಹ್ಯೂಸ್ಟನ್‌ನಿಂದ ಕೂಡ ಕಾರು ತಿರುಗಿಸಿಕೊಂಡು ಬರ್ತಾರೆ. ನನ್ನ ಹೆಂಡತಿ ಅನುಸೂಯಾ ಹೇಳ್ತಾಳೆ: “ರೀ, ನೀವು ಬಂದೋರಿಗೆ ತಿಂಡಿ ಕೊಟ್ಟು ತಪ್ಪು ತಿದ್ತೀರಿ. ನಿಮ್ಮ ತಮ್ಮ ತಿಂಡಿ ಮಾತ್ರ ಕೊಡ್ತಾರೆ.” ಆಯ್ತಮ್ಮ, ಎಲ್ಲಾ ನನ್ನದೇ ತಪ್ಪು.

ಈ ಹೊಟ್ಟೆಕಿಚ್ಚಿನ ಬೇರು ಇರೋದು ಮೈಸೂರಿನಲ್ಲಿ. ನಮ್ಮಪ್ಪ ಗೋವಿಂದರಾಜು ಕುದುರೆ ಪೊಲೀಸ್ ದಳದಲ್ಲಿ ಸವಾರ. ಲಾಯದ ಹಿಂದಿನ ಲೈನ್ ಮನೇಲಿ ನಮ್ಮ ವಾಸ. ಯಾರೋ ದೊಡ್ಡ ಸಾಹೇಬರು ಶಿಫಾರಸು ಮಾಡಿ ಕಾನ್ವೆಂಟಿನಲ್ಲಿ ಒಂದೇ ಒಂದು ಸೀಟು ಕೊಡಿಸಿದರು. ಅದು ನನಗೆ ಬಂತು. ಟೈ ಕಟ್ಟಿಕೊಂಡು ಇಂಗ್ಲಿಷ್ ಕಲಿಯೋಕೆ ನಾನು ಹೋದೆ, ಪುಟ್ಟ ಬರಿಗಾಲಲ್ಲಿ ಸರ್ಕಾರಿ ಕನ್ನಡ ಶಾಲೆಗೆ ಹೋದ. ನೋಡಿದವರು ಅಂದುಕೊಳ್ಳಬೇಕು, ದೊಡ್ಡ ಮಗನ ಮೇಲೆ ಅಪ್ಪನಿಗೆ ಎಂಥಾ ಪ್ರೀತಿ ಅಂತ. ಭಾನುವಾರ ಬರಲಿ, ಪ್ರೀತಿ ಯಾರ ಮೇಲೆ ಅನ್ನೋದು ಗೊತ್ತಾಗ್ತಿತ್ತು.

ಭಾನುವಾರ ಬೆಳಿಗ್ಗೆ ಆಟಕ್ಕೆ ಊರಿನ ಟಾಕೀಸಿನಲ್ಲಿ ಹಳೇ ಇಂಗ್ಲಿಷ್ ಸಿನಿಮಾ ಹಾಕೋರು. ಅದರಲ್ಲಿ ಒಂದು ಅಮೆರಿಕದ ಕುದುರೆ ಸೈನ್ಯದ ಸಿನಿಮಾ, ಕಪ್ಪು ಬಿಳುಪು. ಮರಳುಗಾಡಿನಲ್ಲಿ ಒಂದು ಮರದ ಕೋಟೆ, ಹಣೆ ಮೇಲೆ ಬಿಳಿ ಮಚ್ಚೆ ಇರೋ ಕುದುರೆ, ಅದರ ಮೇಲೆ ಒಬ್ಬ ಕ್ಯಾಪ್ಟನ್. ಅಪ್ಪ ಅದಕ್ಕೆ ‘ಕೋಟೆ ಕುದುರೆ ಪಿಕ್ಚರ್’ ಅಂತ ಹೆಸರಿಟ್ಟಿದ್ದ. ಅದು ಎಷ್ಟು ಸಲ ಮೈಸೂರಿಗೆ ವಾಪಸ್ ಬಂತೋ, ಅಷ್ಟು ಸಲವೂ ಅಪ್ಪ ಪುಟ್ಟನ ಕೈ ಹಿಡಿದು ಹೋದ. ನನ್ನನ್ನ ಒಂದು ಸಲ, ಒಂದೇ ಒಂದು ಸಲ ಕೂಡ ಕರೀಲಿಲ್ಲ. “ನಾನೂ ಬರ್ತೀನಪ್ಪ” ಅಂದರೆ “ನಿನಗೆ ಓದೋದಿದೆ ಕಣಪ್ಪ” ಅಂತ ಚಪ್ಪಲಿ ಮೆಟ್ಟೋನು. ಬೇಸಿಗೆ ರಜದಲ್ಲೂ ಅದೇ ಮಾತು. ಮಧ್ಯಾಹ್ನ ಆ ಪುಟ್ಟ ಚುರುಮುರಿ ತಿಂದ ಬಾಯಿ ಒರೆಸಿಕೊಳ್ಳುತ್ತಾ, ಅಪ್ಪನ ಹೆಗಲ ಮೇಲೆ ಕೂತು ಬರೋನು. ನಾನು ಜಗಲಿ ಮೇಲೆ ಗ್ರಾಮರ್ ಪುಸ್ತಕ ಹಿಡಿದು ನೋಡ್ತಾ ಇರ್ತಿದ್ದೆ. ಅವನನ್ನ ಹೆಗಲಿಂದ ಎಳೆದು ಕೆಳಗೆ ಹಾಕಬೇಕು ಅನ್ನಿಸೋದು.

ಅಪ್ಪ ಅವನನ್ನೇ ಯಾಕೆ ಕರ್ಕೊಂಡು ಹೋಗ್ತಿದ್ದ? ಆ ಪ್ರಶ್ನೆ ನನ್ನ ಜೊತೆಗೇ ಕಾಲೇಜಿಗೆ ಬಂತು, ವಿಮಾನ ಹತ್ತಿತು, ಇಲ್ಲಿಗೂ ಬಂತು. ಅಪ್ಪ ತೀರಿಕೊಂಡ ಮೇಲೆ ಉತ್ತರ ಹೇಳೋರೇ ಇಲ್ಲ ಅಂದುಕೊಂಡಿದ್ದೆ. ಪುಟ್ಟನನ್ನ ಕೇಳಬಹುದಿತ್ತು. ಅವನನ್ನ ಕೇಳೋದಾ? ಪ್ರಾಣ ಹೋದರೂ ಕೇಳ್ತಿರಲಿಲ್ಲ.

ಈಗ ಅವನ ಮನೆಯ ಆಯುಧಪೂಜೆಗೆ ಬರೋಣ. ಅವನ ಹತ್ತಿರ ಕಲಿತವರೆಲ್ಲ ಅವತ್ತು ಕಾರು ತೊಳೆದು, ಸೀದಾ ಅವನ ಮನೆ ಮುಂದೆ ತಂದು ನಿಲ್ಲಿಸ್ತಾರೆ. ಬೀದಿ ಎರಡೂ ಕಡೆ ಚೆಂಡುಹೂವಿನ ಹಾರ ಹಾಕಿದ ಕಾರುಗಳ ಸಾಲು. ಪುಟ್ಟ ಪಂಚೆ ಉಟ್ಟು ಒಂದೊಂದಕ್ಕೂ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, “ಹ್ಞಾಂ, ಈಗ ಮುಂದೆ ಬಿಡಿ” ಅಂತಾನೆ. ಲಾಯದಲ್ಲಿ ಕುದುರೆಗಳಿಗೆ ಅಪ್ಪ ಹೀಗೇ ಮಾಡ್ತಿದ್ದ, ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟು. ಮನೆಯ ಎರಡು ಕಾರೂ ಪೂಜೆಗೆ ಹೊರಗೆ ಬಂದಿರೋದರಿಂದ ಗರಾಜು ಖಾಲಿ. ಅಲ್ಲಿ ಜಮಖಾನ ಹಾಸಿ, ಬಾಗಿಲು ಇಳಿಸಿ ಕತ್ತಲು ಮಾಡಿ, ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಮಧ್ಯಾಹ್ನ ಮಕ್ಕಳಿಗೆ ಅದೇ ಕೋಟೆ ಕುದುರೆ ಪಿಕ್ಚರ್ ಹಾಕ್ತಾನೆ. ದೊಡ್ಡವರು ಒಳಗೆ ಪುಳಿಯೋಗರೆ, ಹರಟೆ. ಮಕ್ಕಳು ಗರಾಜಿನಲ್ಲಿ.

ಸಿನಿಮಾಕ್ಕೆ ಸೌಂಡ್ ಇಲ್ಲ. ಅವನೇ ಆಫ್ ಮಾಡಿಬಿಡ್ತಾನೆ. ಹಳೇ ವೈಪರ್ ಕಡ್ಡಿ ಹಿಡಿದು ಪರದೆ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳ್ತಾನೆ. ಕುದುರೆ ಕೆನೆದರೆ ಇವನೇ ಕೆನೀತಾನೆ. ಗಾಳಿ ಬೀಸಿದರೆ ಇವನೇ ಬೀಸ್ತಾನೆ. ಮನೇಲಿ ಕನ್ನಡ ಮಾತಾಡು ಅಂದರೆ ಮೂತಿ ತಿರುಗಿಸೋ ಮಕ್ಕಳು ಅಲ್ಲಿ ಕಣ್ಣು ಮಿಟುಕಿಸದೆ ಕೂತಿರ್ತಾರೆ. ನಮ್ಮ ಪಕ್ಕದ ಊರು ಫ್ಲೂಗರ್‌ವಿಲ್‌ನಲ್ಲಿರೋ ನನ್ನ ಮಗಳು ಪ್ರಗತಿಯ ಮಗಳು ಸಿಯಾ, ಎಂಟು ವರ್ಷ. ನಾನು ವಾರಕ್ಕೆ ಎರಡು ದಿನ ಅವಳಿಗೆ ಅ ಆ ಇ ಈ ತಿದ್ದಿಸ್ತೀನಿ. “ತಾತ, ಕ್ಯಾನ್ ವಿ ಸ್ಟಾಪ್?” ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಅದೇ ಮಗು ಆ ಗರಾಜಿನಲ್ಲಿ ಮಂಡಿ ಮೇಲೆ ಎದ್ದು “ಆಮೇಲೆ ಏನಾಯ್ತು ಪುಟ್ಟ ತಾತ?” ಅಂತ ಕನ್ನಡದಲ್ಲಿ ಕೂಗಿದ್ದನ್ನ ಹೋದ ವರ್ಷ ನನ್ನ ಕಿವಿಯಾರೆ ಕೇಳಿದೆ. 

ಅಷ್ಟಾಗಿದ್ದರೆ ನುಂಗಿಕೊಳ್ತಿದ್ದೆ. ಅವನ ಕಥೆಯಲ್ಲಿ ಕ್ಯಾಪ್ಟನ್ ಹೆಸರು ಏನು ಗೊತ್ತಾ? ಕ್ಯಾಪ್ಟನ್ ಪುಟ್ಟಣ್ಣ! ನಾಚಿಕೆ ಬೇಡ್ವಾ ಮನುಷ್ಯನಿಗೆ? ಬಿಳಿ ಮಚ್ಚೆ ಕುದುರೆ ಪರದೆ ಮೇಲೆ ಬಂದ ತಕ್ಷಣ ಮಕ್ಕಳೆಲ್ಲ “ಪುಟ್ಟ ತಾತ!” ಅಂತ ಚಪ್ಪಾಳೆ. ಕೋಟೆ ಗೋಡೆ ಮೇಲೆ ಒಬ್ಬ ತೆಳ್ಳಗಿನ ಹುಡುಗ ನಿಂತು ಕಹಳೆ ಊದ್ತಾನೆ. ಇಡೀ ಸಿನಿಮಾದಲ್ಲಿ ಅವನಿಗೆ ಬೇರೆ ಕೆಲಸವೇ ಇಲ್ಲ. ಪುಟ್ಟ ವೈಪರ್ ಕಡ್ಡಿಯಿಂದ ಅವನನ್ನ ತೋರಿಸಿ, “ಇವನು ಕಹಳೆ ಊದೋ ಉದಯ” ಅಂದ. ಅಷ್ಟೂ ಮಕ್ಕಳು ಹಿಂದೆ ತಿರುಗಿ ನನ್ನನ್ನ ನೋಡಿ ನಕ್ಕವು. ಸಿಯಾ ಎಲ್ಲರಿಗಿಂತ ಜೋರಾಗಿ ನಕ್ಕಳು. ವಾಪಸ್ ಬರುವಾಗ ಕಾರಿನಲ್ಲಿ ಅರ್ಧ ದಾರಿಯ ವೇಕೋ ಊರು ದಾಟೋವರೆಗೂ ಮುಷ್ಟಿ ಬಾಯಿಗಿಟ್ಟುಕೊಂಡು ಪೂಂ ಪೂಂ ಅಂತ ಊದಿದಳು. ಅನುಸೂಯಾ ಕಿಟಕಿ ಕಡೆ ಮುಖ ಮಾಡಿ ನಗು ತಡೀತಿದ್ದಳು, ನನಗೆ ಕಾಣಿಸ್ತಿತ್ತು.

ಈ ಬೇಸಿಗೆಯಲ್ಲಿ ಆಸ್ಟಿನ್ ಡೌನ್‌ಟೌನಿನ ಹಳೇ ಥಿಯೇಟರಿನಲ್ಲಿ ಅದೇ ಸಿನಿಮಾ ಹಾಕಿದ್ದರು. ಯಾರಿಗೂ ಹೇಳದೆ ಒಬ್ಬನೇ ಹೋದೆ. ಅಪ್ಪ ನನಗೆ ಕೊಡದೇ ಇದ್ದದ್ದನ್ನ ನಾನೇ ತಗೋತೀನಿ ಅಂತ ಮನಸ್ಸಲ್ಲಿ ಇತ್ತು. ಪಕ್ಕದ ಸೀಟು ಖಾಲಿ ಇರೋ ಕಡೆ ನೋಡಿ ಕೂತೆ, ನಿಜ ಹೇಳ್ತೀನಿ. ಅರ್ಧ ಗಂಟೆಯಾಗುವಷ್ಟರಲ್ಲಿ ನೆಟ್ಟಗೆ ಎದ್ದು ಕೂತುಬಿಟ್ಟೆ. ಕಥೆ ಪುಟ್ಟ ಹೇಳೋದಲ್ಲವೇ ಅಲ್ಲ! ಅವನು ಹೇಳೋದು ಹೀಗೆ: ದೊಡ್ಡ ಸಾಹೇಬ ಬೆಟ್ಟದ ಜನರ ಕುದುರೆಗಳನ್ನ ಕಿತ್ತುಕೊಂಡು ಕೋಟೆಯಲ್ಲಿ ಕಟ್ಟಿಹಾಕಿದಾನೆ, ಆ ಜಾಗವೆಲ್ಲ ಬೆಟ್ಟದ ಜನರದ್ದೇ, ಕ್ಯಾಪ್ಟನ್ ಸಾಹೇಬನ ಮಾತು ಮೀರಿ ಕುದುರೆಗಳನ್ನ ಅವರಿಗೆ ವಾಪಸ್ ಕೊಡೋಕೆ ಹೊರಡ್ತಾನೆ. ಸಿನಿಮಾದ ನಿಜವಾದ ಕಥೆಯಲ್ಲಿ ಕ್ಯಾಪ್ಟನ್ ಹೊರಡೋದು ಇನ್ನಷ್ಟು ಸೈನ್ಯ ಕರೆತಂದು ಆ ಬೆಟ್ಟದ ಜನರನ್ನ, ಅಂದರೆ ಅಲ್ಲಿನ ಮೂಲನಿವಾಸಿಗಳನ್ನ, ಸುಡೋಕೆ. ಅವರನ್ನ ಕರೆಯೋ ಮಾತುಗಳನ್ನ ಇಲ್ಲಿ ಬರೆಯೋಕೂ ಅಸಹ್ಯ.

ಇನ್ನೊಂದು. ದಾರಿಯಲ್ಲಿ ಬಿಳಿ ಮಚ್ಚೆ ಕುದುರೆಯ ಕಾಲು ಮುರಿಯುತ್ತೆ. ಕ್ಯಾಪ್ಟನ್ ಪಿಸ್ತೂಲು ತೆಗೀತಾನೆ. ಆಗ ಕ್ಯಾಮೆರಾ ಅವನ ಮುಖ ಬಿಟ್ಟು ಅಲ್ಲಾಡೋದಿಲ್ಲ, ಹೊಗೆ ಮಾತ್ರ ಕಾಣುತ್ತೆ. ಪುಟ್ಟನ ಕಥೆಯಲ್ಲಿ ಕ್ಯಾಪ್ಟನ್ ಗಾಳಿಗೆ ಗುಂಡು ಹಾರಿಸ್ತಾನೆ. ‘ಹೋಗು, ಮನೆಗೆ ಹೋಗು’ ಅಂತ ಕುದುರೆಯನ್ನ ಬೆದರಿಸಿ ಓಡಿಸ್ತಾನೆ. ಆಮೇಲಿನ ದೃಶ್ಯದಲ್ಲಿ ಎಲ್ಲಿಂದಲೋ ಒಂದು ಕುದುರೆ ಹಿಂಡು ಓಡುತ್ತೆ, ‘ಅಗೋ, ಅದರಲ್ಲಿದೆ’ ಅಂತ ತೋರಿಸ್ತಾನೆ. ನಿಜವಾಗಿ ಕ್ಯಾಪ್ಟನ್ ಅದನ್ನ ಕೊಂದಿರ್ತಾನೆ.

ಥಿಯೇಟರಿನಿಂದ ಹೊರಗೆ ಬಂದಾಗ ನನಗೆ ಆದ ಸಂತೋಷ ಹೇಳಲಾರೆ. ಸಿಕ್ಕಿಬಿದ್ದ ಕಳ್ಳ! ಅಪ್ಪನ ಪಕ್ಕ ಅಷ್ಟು ಸಲ ಕೂತು ನೋಡಿದಾನೆ, ಕಥೆಯ ತಲೆಬುಡ ಗೊತ್ತಿಲ್ಲ. ನನ್ನನ್ನ ಕರ್ಕೊಂಡು ಹೋಗಿದ್ದರೆ ಒಂದೊಂದು ಮಾತೂ ಬಿಡಿಸಿ ಹೇಳ್ತಿದ್ದೆ. ಆಯುಧಪೂಜೆ ಬರಲಿ, ಸಿಯಾ ಮುಂದೆಯೇ ಇವನ ಬಣ್ಣ ಬಯಲು ಮಾಡ್ತೀನಿ ಅಂತ ತೀರ್ಮಾನ ಮಾಡಿದೆ.

ಬಂತು ಆಯುಧಪೂಜೆ. ಐ-ಮೂವತ್ತೈದು ಹೈವೇಯಲ್ಲಿ ಎಂದಿನ ಟ್ರಾಫಿಕ್ಕು, ನನಗೆ ಆಯಾಸವೇ ಆಗಲಿಲ್ಲ. ಅಲಮೇಲು “ಬನ್ನಿ ಭಾವ, ಈ ಸಲ ಬೇಗ ಬಂದ್ರಿ!” ಅಂತ ಕಾಫಿ ಕೊಟ್ಟಳು. ಪೂಜೆ ಆಯ್ತು, ನಿಂಬೆಹಣ್ಣುಗಳೆಲ್ಲ ಅಪ್ಪಚ್ಚಿಯಾದವು. ಮಕ್ಕಳು ಗರಾಜಿಗೆ ನುಗ್ಗಿದವು. ನಾನು ಹಿಂದೆ ಒಂದು ಮಡಚೋ ಕುರ್ಚಿ ಹಾಕಿಕೊಂಡು, ಪ್ರೊಜೆಕ್ಟರಿನ ರಿಮೋಟನ್ನ ತೊಡೆ ಕೆಳಗೆ ಇಟ್ಟುಕೊಂಡೆ. ಪುಟ್ಟ ನನ್ನನ್ನ ನೋಡಿ, “ಅಣ್ಣ, ನೀನೂ ನೋಡ್ತೀಯಾ?” ಅಂತ ಖುಷಿಯಾಗಿ ಕೇಳಿದ. ಅವನ ಆ ಖುಷಿ ಕಂಡು ನನಗೆ ಇನ್ನೂ ಮೈ ಉರಿಯಿತು.

ಕ್ಯಾಪ್ಟನ್ ಪುಟ್ಟಣ್ಣ ಬಂದ, ಚಪ್ಪಾಳೆ. ಕಹಳೆ ಊದೋ ಉದಯ ಬಂದ, ನಗು. ನಾನು ಸುಮ್ಮನಿದ್ದೆ. ಕುದುರೆ ಎಡವಿತು. ಪುಟ್ಟ ದನಿ ಇಳಿಸಿ, “ಕ್ಯಾಪ್ಟನ್ ಕುದುರೆ ಕಿವೀಲಿ ಏನೋ ಹೇಳ್ದ...” ಅಂತ ಶುರು ಮಾಡ್ತಿದ್ದ ಹಾಗೇ ನಾನು ಸೌಂಡ್ ಹಾಕಿದೆ. ಪರದೆ ಕೆಳಗೆ ಮಾತುಗಳು ಅಕ್ಷರದಲ್ಲಿ ಬರೋ ಹಾಗೂ ಮಾಡಿದೆ. ಗರಾಜಿನ ತುಂಬ ಗುಂಡಿನ ಶಬ್ದ. ಆಮೇಲೆ ಕ್ಯಾಪ್ಟನ್ ಇನ್ನೊಬ್ಬ ಸೈನಿಕನಿಗೆ ಹೇಳೋ ಮಾತು ಕೆಳಗೆ ಬಂತು, ದಪ್ಪ ಇಂಗ್ಲಿಷ್ ಅಕ್ಷರದಲ್ಲಿ: ನನ್ನ ಕುದುರೆಯನ್ನ ನಾನೇ ಕೊಂದೆ.

“ನೋಡಿ ಮಕ್ಕಳೇ, ಇದು ನಿಜವಾದ ಕಥೆ” ಅಂದೆ.

 ಸಿಯಾ ಅಕ್ಷರಗಳನ್ನ ಮೆಲ್ಲಗೆ ಓದಿಕೊಂಡಳು. “ಹಿ ಕಿಲ್ಡ್ ಹಿಮ್?” ಅಂತ ಪುಟ್ಟನನ್ನ ಕೇಳಿದಳು. ಪುಟ್ಟ ವೈಪರ್ ಕಡ್ಡಿ ಕೆಳಗಿಳಿಸಿದ, ಅವಳು ಜೋರಾಗಿ ಅತ್ತುಬಿಟ್ಟಳು. ಅವಳನ್ನ ನೋಡಿ ಇನ್ನೂ ನಾಲ್ಕು ಮಕ್ಕಳು ಅತ್ತವು. ನಾನು ಎತ್ತಿಕೊಳ್ಳೋಕೆ ಹೋದರೆ ನನ್ನ ಕೈ ತಳ್ಳಿ ಅಲಮೇಲು ಹತ್ತಿರ ಓಡಿದಳು. ಪುಟ್ಟ ದೀಪ ಹಾಕಿ, “ಹೋಗಿ, ಪುಳಿಯೋಗರೆ ತಿನ್ನಿ, ಆಮೇಲೆ ನೋಡೋಣ” ಅಂತ ಎಲ್ಲರನ್ನೂ ಒಳಗೆ ಕಳಿಸಿದ. ಗರಾಜಿನಲ್ಲಿ ಉಳಿದವರು ನಾವಿಬ್ಬರೇ.

“ಯಾಕಣ್ಣ ಹೀಗೆ ಮಾಡ್ದೆ?”

“ಮತ್ತೆ ನೀನು ಮಾಡೋದು? ಕಥೆ ಗೊತ್ತಿಲ್ಲದಿದ್ರೆ ಬಾಯಿ ಮುಚ್ಕೊಂಡು ಇರಬೇಕು. ಸುಳ್ಳು ಹೇಳ್ತೀಯಲ್ಲ ಮಕ್ಕಳಿಗೆ. ನಾನು ಆಸ್ಟಿನ್‌ನಲ್ಲಿ ನೋಡಿಕೊಂಡು ಬಂದೆ.”

“ನನಗೆ ಗೊತ್ತಿಲ್ವಾ? ಇಷ್ಟು ವರ್ಷ ಈ ದೇಶದಲ್ಲಿ ಇದ್ದು ಅಷ್ಟೂ ಇಂಗ್ಲಿಷ್ ಬರಲ್ವಾ ನನಗೆ?” ಅವನ ದನಿಯೂ ಏರಿತು. “ನಾನು ಹೇಳೋದು ಸಿನಿಮಾ ಕಥೆ ಅಲ್ಲ. ಅಪ್ಪನ ಕಥೆ.”

ನಾನು ಅವನ ಮುಖ ನೋಡಿದೆ.

“ಅಪ್ಪನಿಗೆ ಹಾಲ್ಟ್, ಮಾರ್ಚ್, ಯೆಸ್ ಸಾರ್ ಬಿಟ್ಟರೆ ಬೇರೆ ಯಾವ ಇಂಗ್ಲಿಷ್ ಬರ್ತಿತ್ತು ಹೇಳು? ಅವನು ಪಿಕ್ಚರ್‌ಗೆ ಬರ್ತಿದ್ದಿದ್ದೇ ಕುದುರೆ ನೋಡೋಕೆ. ನಾನು ‘ಏನಪ್ಪ ಅಂದ, ಏನಪ್ಪ ಅಂದ’ ಅಂತ ಪೀಡಿಸ್ತಿದ್ದೆ. ಅವನು ಪರದೆ ನೋಡ್ಕೊಂಡು ಬಾಯಿಗೆ ಬಂದ ಕಥೆ ಕಟ್ಟಿ ನನ್ನ ಕಿವೀಲಿ ಹೇಳ್ತಿದ್ದ. ಕುದುರೆಗೆ ಗುಂಡು ಹೊಡೆದಿದ್ದು ಅವನಿಗೂ ಗೊತ್ತಾಗಿತ್ತು. ಸವಾರ ಅಲ್ವಾ, ಕಾಲು ಮುರಿದ ಕುದುರೆ ಏನಾಗುತ್ತೆ ಅಂತ ಗೊತ್ತಿಲ್ವಾ? ಆ ಸೀನ್ ಬಂದಾಗೆಲ್ಲ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, ‘ಗಾಳಿಗೆ ಹೊಡ್ದ ಕಣೋ’ ಅಂತಿದ್ದ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಐವತ್ತು ವರ್ಷ ಕೇಳಲ್ಲ ಅಂತ ಹಟ ಹಿಡಿದಿದ್ದ ಪ್ರಶ್ನೆ ತಾನೇ ಬಾಯಿಂದ ಬಿತ್ತು. “ಮತ್ತೆ ನನ್ನ ಯಾಕೋ ಕರ್ಕೊಂಡು ಹೋಗ್ಲಿಲ್ಲ?”

“ನಾನು ಕೇಳಿದ್ದೆ. ಅಣ್ಣನ್ನೂ ಕರ್ಕೊಂಡು ಬರೋಣ ಅಂತ. ‘ಬೇಡ ಕಣೋ, ಅವನಿಗೆ ಇಂಗ್ಲಿಷ್ ಬರುತ್ತೆ. ಅವನು ಪಕ್ಕದಲ್ಲಿ ಕೂತ್ರೆ ನನಗೆ ಬಾಯಿ ಬರಲ್ಲ’ ಅಂದ.”

ಗರಾಜಿನ ಮೂಲೆಯಲ್ಲಿ ಪೊರಕೆ, ಪೇಂಟ್ ಡಬ್ಬ, ಹಳೇ ಟೈರು ಇದ್ದವು. ಅವನ್ನೇ ನೋಡ್ತಾ ನಿಂತೆ. ಅಪ್ಪ ನನಗೆ ಹೆದರುತ್ತಿದ್ದ. ಟೈ ಕಟ್ಟಿಸಿ, ಬೂಟು ಹಾಕಿಸಿ, ಸಾಹೇಬರ ಕಾಲು ಹಿಡಿದು ಯಾವ ಮಗನಿಗೆ ಇಂಗ್ಲಿಷ್ ಕಲಿಸಿದನೋ, ಆ ಮಗನ ಪಕ್ಕ ಕೂತು ಒಂದು ಸಿನಿಮಾ ನೋಡೋಕೆ ಅವನಿಗೆ ಧೈರ್ಯ ಇರಲಿಲ್ಲ. ಒಂದು ಮಾತು ಕೇಳಿದ್ದರೆ ನಾನು ಇಂಗ್ಲಿಷೇ ಮರೆತ ಹಾಗೆ ಕೂತಿರ್ತಿದ್ದೆ ಅಪ್ಪ.

“ಇನ್ನೊಂದು ಹೇಳಬೇಕು,” ಅಂದ ಪುಟ್ಟ. ಈಗ ಅವನು ನೆಲ ನೋಡ್ತಿದ್ದ. “ಕ್ಯಾಪ್ಟನ್ ನಾನಲ್ಲ.”

“ಏನು?”

“ಅಪ್ಪನ ಕಥೇಲಿ ಕ್ಯಾಪ್ಟನ್ ನೀನು. ಬಿಳಿ ಮಚ್ಚೆ ಕುದುರೆ ಬಂದ್ರೆ ಸಾಕು, ‘ಅಗೋ, ನಮ್ಮ ದೊಡ್ಡೋನು ಬಂದ’ ಅನ್ನೋನು. ಅವನು ದೊಡ್ಡ ಸಾಹೇಬನ ಎದುರು ನಿಂತು ಪಟಪಟ ಇಂಗ್ಲಿಷ್ ಮಾತಾಡ್ತಾನಲ್ಲ, ಅಲ್ಲಂತೂ ಅಪ್ಪ ಸೀಟಿನ ತುದೀಲಿ ಕೂರೋನು. ‘ಕೇಳ್ದೇನೋ? ಕೇಳ್ದೇನೋ ಹೆಂಗೆ ಮಾತಾಡ್ದ?’ ಅಂತ. ನಾನು ಯಾರಪ್ಪ ಇದ್ರಲ್ಲಿ ಅಂತ ಒಂದಿನ ಅತ್ಕೊಂಡೇ ಕೇಳಿದೆ. ಆ ಕಹಳೆ ಊದೋ ಹುಡುಗನ್ನ ತೋರಿಸಿದ. ಎಷ್ಟು ಭಾನುವಾರ ಅಣ್ಣ, ಎಷ್ಟು ಭಾನುವಾರ! ಚುರುಮುರಿ ಕೊಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಕಥೆ ಹೇಳೋನು. ಹೊಟ್ಟೆ ಉರ್ಕೊಂಡೇ ಬೆಳೆದೆ ನಾನು. ಈಗ ನನ್ನ ಮನೆ, ನನ್ನ ಗರಾಜು. ಅದಕ್ಕೇ ಅದಲು ಬದಲು ಮಾಡ್ಕೊಂಡೆ. ತಪ್ಪಾ?”

ತಪ್ಪು ಅಂತ ಹೇಳೋಕೆ ನನಗೆ ಯಾವ ಮುಖ ಇತ್ತು? ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು’ ಅಂತಾರೆ. ನಾವು ಬೆಳೆಯೋವರೆಗೂ ಕಾಯಲಿಲ್ಲ. ನಾನು ಜಗಲಿ ಮೇಲೆ ಅವನ ಮೇಲೆ ಉರಿದುಕೊಳ್ತಿದ್ದಾಗ, ಅವನು ಅಪ್ಪನ ಹೆಗಲ ಮೇಲೆ ಕೂತು ನನ್ನ ಮೇಲೆ ಉರಿದುಕೊಳ್ತಿದ್ದ. ಹಾಗಂತ ನನ್ನ ಹೊಟ್ಟೆಕಿಚ್ಚು ಆರಿತು ಅಂದುಕೊಂಡ್ರಾ? ಇಲ್ಲ ಸ್ವಾಮಿ. ‘ನಮ್ಮ ದೊಡ್ಡೋನು ಬಂದ’ ಅಂತ ಅಪ್ಪ ಹೇಳಿದ್ದನ್ನ ಕೇಳಿಸಿಕೊಂಡವನು ಅವನು. ಅಷ್ಟು ಭಾನುವಾರ ಕೇಳಿಸಿಕೊಂಡ. ನನಗೆ ಒಂದು ಭಾನುವಾರವೂ ಸಿಗಲಿಲ್ಲ. ಹಿಂದೆ ಅವನು ಸಿನಿಮಾಕ್ಕೆ ಹೋದದ್ದಕ್ಕೆ ಹೊಟ್ಟೆಕಿಚ್ಚಿತ್ತು, ಈಗ ಅದನ್ನ ಕೇಳಿದ ಅವನ ಕಿವಿಗಳ ಮೇಲೆ ಬಂತು.

“ಅಪ್ಪ ಹೇಗೆ ಹೇಳ್ತಿದ್ದನೋ ಹಾಗೇ ಹೇಳು,” ಅಂದೆ. “ಮೊದಲಿಂದ ಹಾಕು.”

 ಪುಟ್ಟನಿಗೆ ಇಷ್ಟ ಇರಲಿಲ್ಲ, ನೋಡಿದರೇ ಗೊತ್ತಾಗ್ತಿತ್ತು. ಆಮೇಲೆ ಮಕ್ಕಳನ್ನ ಕರೆದ. ಅಲಮೇಲು ಸೆರಗು ಹಿಡಿದುಕೊಂಡೇ ಸಿಯಾ ಬಂದಳು, ಕೆನ್ನೆ ಇನ್ನೂ ಒದ್ದೆ. ನಾನು ಕುರ್ಚಿ ಮಡಚಿಟ್ಟು ಜಮಖಾನದ ಮೇಲೆ ಕೂತೆ. ಅವಳು ನನ್ನಿಂದ ದೂರ ಕೂತಳು. ಸೌಂಡ್ ಇಲ್ಲ, ಅಕ್ಷರ ಇಲ್ಲ. ಬಿಳಿ ಮಚ್ಚೆ ಕುದುರೆ ಧೂಳಿನಿಂದ ಹೊರಗೆ ಬಂತು. ಮಕ್ಕಳು ‘ಪುಟ್ಟ ತಾತ’ ಅಂತ ಕೂಗೋಕೆ ಬಾಯಿ ತೆಗೆದವು.

“ಅಗೋ,” ಅಂದ ಪುಟ್ಟ. ಅಪ್ಪನ ದನಿಯೇ, ಅದೇ ಎಳೆತ. “ನಮ್ಮ ದೊಡ್ಡೋನು ಬಂದ.”

“ದೊಡ್ಡೋನು ಯಾರು?” ಅಂತ ಒಂದು ಮಗು ಕೇಳಿತು. ಪುಟ್ಟ ವೈಪರ್ ಕಡ್ಡಿಯನ್ನ ನನ್ನ ಕಡೆ ತಿರುಗಿಸಿದ. ಕಹಳೆ ಊದೋ ಹುಡುಗ ಬಂದಾಗ ಮುಷ್ಟಿ ಬಾಯಿಗಿಟ್ಟುಕೊಂಡು ತಾನೇ ಪೂಂ ಅಂತ ಊದಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಸಿಯಾ ನಗಲಿಲ್ಲ. ಅವಳು ಮುಂದಿನ ದೃಶ್ಯಕ್ಕೆ ಕಾಯ್ತಿದ್ದಳು, ನಾನೂ ಕಾಯ್ತಿದ್ದೆ.

ಕುದುರೆ ಎಡವಿತು. ಕ್ಯಾಪ್ಟನ್ ಪಿಸ್ತೂಲು ತೆಗೆದ, ಹೊಗೆ ಬಂತು. “ಗಾಳಿಗೆ ಹೊಡ್ದ,” ಅಂದ ಪುಟ್ಟ. ಮಕ್ಕಳಿಗೆ ನಂಬಿಕೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಆಗ ಸಿಯಾ ಜಮಖಾನದ ಮೇಲೆ ತೆವಳಿಕೊಂಡು ನನ್ನ ಹತ್ತಿರ ಬಂದಳು. ಪುಟ್ಟನನ್ನ ಕೇಳಲಿಲ್ಲ, ನನ್ನನ್ನ ಕೇಳಿದಳು, ಕನ್ನಡದಲ್ಲಿ.

“ತಾತ, ನೀನು ಹೇಳು. ಕುದುರೆ ಸತ್ತೋಯ್ತಾ?”

“ಇಲ್ಲ ಕಣಮ್ಮ. ಗಾಳಿಗೆ ಹೊಡ್ದ.”

“ಕೆಳಗೆ ಬರ್ದಿತ್ತಲ್ಲ?”

“ಅವರು ತಪ್ಪು ಬರೆದಿದ್ರು. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಪುಟ್ಟೀ, ನನ್ನ ಮಾತು ನಂಬು. ಅಗೋ ನೋಡು, ಓಡ್ತಿದೆ.”

ಅವಳು ಪರದೆ ನೋಡಿದಳು. ಹಿಂಡು ಓಡ್ತಿತ್ತು. ಅದರಲ್ಲಿ ಯಾವುದೋ ಒಂದನ್ನ ಬೆರಳು ಮಾಡಿ ತೋರಿಸಿ, “ಅದೇ ಅಲ್ವಾ?” ಅಂತ ನನ್ನ ತೊಡೆ ಮೇಲೆ ಕೂತಳು. ಅದೇ ಅಂದೆ. ತಲೆ ಎತ್ತಿದರೆ ಪುಟ್ಟ ವೈಪರ್ ಕಡ್ಡಿ ಹಿಡಿದುಕೊಂಡು, ಕಥೆ ನಿಲ್ಲಿಸಿ, ನಮ್ಮಿಬ್ಬರನ್ನೇ ನೋಡ್ತಾ ನಿಂತಿದ್ದ. ಅವನ ಮುಖದಲ್ಲಿ ಇದ್ದದ್ದು ಏನು ಅಂತ, ಜಗಲಿ ಮೇಲೆ ಕೂತು ಉರಿದುಕೊಂಡೇ ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.